ಹುಲ್ಲುಹಾಸಿನಡಿ ಹೆಗ್ಗಣ: ಹಿಡಿಯುವುದು, ಬಿಲ ಮುಚ್ಚುವುದು ಹೇಗೆ?

ಭತ್ತದ ಕೊಯ್ಲು ಮುಗಿದರೆ ಭದ್ರಾ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಹೆಗ್ಗಣಕ್ಕೆ ಕಾಳು ಸಿಗದು. ಆಗ ದಾವಣಗೆರೆ ಅಂಚಿನ ಬಡಾವಣೆಗಳ ಕೈತೋಟಕ್ಕೆ ನುಗ್ಗುತ್ತವೆ. ಬೆಳಗಾಗುವುದರೊಳಗೆ ಹುಲ್ಲುಹಾಸಿನ ಮೇಲೆ ಮಣ್ಣಿನ ಗುಡ್ಡೆ, ಕೆಲವೇ ದಿನಕ್ಕೆ ಹುಲ್ಲು ಪಟ್ಟಿಪಟ್ಟಿಯಾಗಿ ಒಣಗಲು ಶುರು. ಸುರಂಗದ ಮೇಲೆ ಬೇರು ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಎಷ್ಟು ನೀರು ಬಿಟ್ಟರೂ ಪ್ರಯೋಜನವಿಲ್ಲ.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆ ಹೆಚ್ಚಾಗಿ ‘ಮೋಲ್’ ಎಂಬ ಪ್ರಾಣಿಯದು. ಅದು ದಕ್ಷಿಣ ಭಾರತದಲ್ಲಿ ಇಲ್ಲ. ಮೋಲ್ ತಿನ್ನುವುದು ಎರೆಹುಳು. ಹೆಗ್ಗಣಕ್ಕೆ ಬೇಕಾದ್ದು ಕಾಳು, ಗೆಡ್ಡೆ. ಹುಳದ ಔಷಧಿ ಸುರಿದರೆ ದುಡ್ಡು ದಂಡ. ಚೂಪು ಮೂತಿಯ ಸುಂಡಿಲಿಯೂ ಹುಳ ತಿನ್ನುವುದೇ, ಅದನ್ನು ಕೊಲ್ಲಬೇಡಿ.

ಮೊದಲು ಹೆಗ್ಗಣವಿರುವ ಬಿಲ ಗುರುತಿಸಿ. ಸಂಜೆ ಗುಡ್ಡೆಗಳನ್ನೆಲ್ಲ ಸಮ ಮಾಡಿ, ತೂತುಗಳಿಗೆ ಹಸಿಮಣ್ಣು ಮೆತ್ತಿ. ಬೆಳಿಗ್ಗೆ ತೂತು ತೆರೆದಿದ್ದರೆ ಅಥವಾ ಹೊಸ ಮಣ್ಣು ಬಿದ್ದಿದ್ದರೆ ಅದು ಒಳಗಿದೆ. ಒಳಗಿರುವಾಗ ಹೆಗ್ಗಣವೇ ಮಣ್ಣು ದೂಡಿ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ತೂತಿಗಿಂತ ಮಣ್ಣನ್ನು ನೋಡಿ: ಹೊಸದು ಕಪ್ಪಗೆ, ತೇವವಾಗಿ, ಸಣ್ಣ ಉಂಡೆಗಳಾಗಿ ಬಿದ್ದಿರುತ್ತದೆ, ಹಳೆಯದು ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ.

ಮಕ್ಕಳು, ನಾಯಿ ಇರುವ ಮನೆಗೆ ಬೋನೇ ಮೇಲು. ಹೊಸ ವಸ್ತು ಕಂಡರೆ ಹೆಗ್ಗಣ ಹತ್ತಿರ ಸುಳಿಯದು. ಅದಕ್ಕೇ ಎರಡು-ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ ತೆರೆದಿಟ್ಟು ಕೊಬ್ಬರಿ ಚೂರೋ ಮೆಣಸಿನಕಾಯಿ ಬಜ್ಜಿಯೋ ಇಡಿ. ತಿನ್ನಲು ರೂಢಿಯಾದ ಮೇಲೆ ಬೋನು ಹೂಡಿ.

ಅದಕ್ಕೂ ಬಗ್ಗದಿದ್ದರೆ ಬ್ರೊಮಾಡಿಯೊಲೋನ್ ಎಂಬ ಇಲಿ ಪಾಷಾಣ. ಶೇ 0.25ರ ಪುಡಿ 2 ಗ್ರಾಂ, ಅಡುಗೆ ಎಣ್ಣೆ 2 ಗ್ರಾಂ, ನುಚ್ಚಕ್ಕಿ 96 ಗ್ರಾಂ. ಕೈಗವಸು ಹಾಕಿ ಕೋಲಿನಿಂದ ಕಲಸಿ. 15 ಗ್ರಾಂನಂತೆ ಕಾಗದದ ಪೊಟ್ಟಣ ಕಟ್ಟಿ, ಬಿಲದೊಳಕ್ಕೆ ಮೊಳಕೈಯುದ್ದ ಕೋಲಿನಿಂದ ತಳ್ಳಿ ಮಣ್ಣು ಮುಚ್ಚಿ. ಹೊರಗೆ ಚೆಲ್ಲಲೇಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಿದು, ಸಾಯಲು ಕೆಲವು ದಿನ ಬೇಕು. ಮರುದಿನವೇ ಫಲಿಸಲಿಲ್ಲವೆಂದು ಮತ್ತೆ ಹಾಕಬೇಡಿ. ನಾಯಿ ತಿಂದರೆ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ. ವಿಟಮಿನ್ ಕೆ1 ಇದಕ್ಕೆ ಮದ್ದು. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿ ಪಾಷಾಣಕ್ಕೆ ಅಂಥ ಮದ್ದಿಲ್ಲ, ಮನೆ ಅಂಗಳಕ್ಕೆ ಅದು ಬೇಡವೇ ಬೇಡ. ಸತ್ತದ್ದನ್ನು ಎರಡಡಿ ಆಳಕ್ಕೆ ಹೂಳಿ.

ಬಿಲದ ಬಾಯಿಗಷ್ಟೇ ಮಣ್ಣು ತುಂಬಿದರೆ ಮೊದಲ ಮಳೆಗೇ ನೆಲ ಕುಸಿಯುತ್ತದೆ. ಹುಲ್ಲಿನ ಪದರ ಎತ್ತಿಟ್ಟು, ಹಾರೆಯಿಂದ ಸುರಂಗ ಒಡೆದು, ಮಣ್ಣು-ಮರಳು ಸಮ ಬೆರೆಸಿ ತುಂಬಿ, ತುಳಿದು, ನೀರು ಹಾಯಿಸಿ, ಹುಲ್ಲು ಮರಳಿ ಕೂರಿಸಿ. ಕಾಂಪೌಂಡ್ ಪಕ್ಕ ಅರ್ಧ ಇಂಚು ಕಣ್ಣಿನ ಜಿಐ (ಸತು ಲೇಪಿತ ಕಬ್ಬಿಣ) ಜಾಲರಿಯನ್ನು ಎರಡಡಿ ಇಳಿಸಿ, ತಳವನ್ನು ಒಂದಡಿ ಹೊರಕ್ಕೆ ಬಾಗಿಸಿ. ಎರೆಮಣ್ಣಾದರೆ ಬೇಸಿಗೆಯ ಬಿರುಕೇ ಅವಕ್ಕೆ ದಾರಿ. ಜಾಲರಿ ಪಕ್ಕದ ಬಿರುಕುಗಳಿಗೆ ಆಗಾಗ ಮಣ್ಣು ತುಂಬಿ ತುಳಿಯುತ್ತಿರಬೇಕು.