ಪ್ರಣಾಳಿಕೆಯನ್ನು ಬಿಲ್ಲು ಪರಿಶೀಲಿಸುವಂತೆ ಓದಿ

ಮೂವತ್ತೊಂದು ವರ್ಷ ನಾನು ಖಜಾನೆಯಲ್ಲಿ ಬಿಲ್ಲು ಪರಿಶೀಲಿಸಿದವಳು. ಬಿಲ್ಲು ಮೇಜಿಗೆ ಬಂದ ಕೂಡಲೇ ನಾವು ಮೊತ್ತ ನೋಡುತ್ತಿರಲಿಲ್ಲ. ಮಂಜೂರಾತಿ ಆದೇಶ ಯಾರದು, ಆ ಆದೇಶ ಮಾಡುವ ಅಧಿಕಾರ ಅವರಿಗೆ ಇದೆಯೇ, ಲೆಕ್ಕ ಶೀರ್ಷಿಕೆ (ಬಜೆಟ್ಟಿನಲ್ಲಿ ಆ ಖರ್ಚಿಗೆಂದು ಇರುವ ಖಾತೆ) ಸರಿಯೇ, ಆ ಶೀರ್ಷಿಕೆಯಲ್ಲಿ ಹಣ ಉಳಿದಿದೆಯೇ, ಹಣ ಪಡೆಯುವವರು ಯಾರು ಎಂಬುದನ್ನು ನೋಡಿದ ಮೇಲೆಯೇ ಮೊತ್ತದ ಮೇಲೆ ಕಣ್ಣು ಬೀಳುತ್ತಿತ್ತು. ಒಂದು ತಪ್ಪಿದರೂ ಆಕ್ಷೇಪಣೆ ಬರೆದು ಹಿಂದಕ್ಕೆ ಕಳುಹಿಸುತ್ತಿದ್ದೆವು.

ನಿವೃತ್ತಿಯಾಗಿ ಬೆಟಗೇರಿಯ ಮನೆಯಲ್ಲಿ ಕುಳಿತ ಮೇಲೆ, ವಿಧಾನಸಭೆ ಚುನಾವಣೆ ಬಂದಾಗಲೆಲ್ಲ ನಮ್ಮ ಓಣಿಯ ಹೆಣ್ಣುಮಕ್ಕಳು ಪಕ್ಷಗಳ ಕರಪತ್ರ ಹಿಡಿದು ಬರುತ್ತಾರೆ. ‘ಅಕ್ಕಾ, ಇದರಲ್ಲಿ ನಮಗೆ ಏನಿದೆ ನೋಡಿ ಹೇಳಿ’ ಎನ್ನುತ್ತಾರೆ. ನಾನು ಹೇಳಿದ್ದನ್ನು ಅವರು ನಂಬುವುದಕ್ಕಿಂತ ತಾವೇ ನೋಡುವುದನ್ನು ಕಲಿಯಲಿ ಎಂದು ಖಜಾನೆಯ ಅದೇ ಕ್ರಮವನ್ನು ಕಲಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ, ಓಣಿಯಲ್ಲೂ ಹೇಳಿಲ್ಲ.

ಕರಪತ್ರವನ್ನು ಬದಿಗಿಡಿ. ಅದರಲ್ಲಿ ಇರುವುದು ಭಾವಚಿತ್ರ ಮತ್ತು ದೊಡ್ಡ ಅಕ್ಷರ ಮಾತ್ರ. ಪೂರ್ಣ ಪ್ರಣಾಳಿಕೆಯನ್ನು ಪಕ್ಷದ ಜಾಲತಾಣದಿಂದ ಇಳಿಸಿಕೊಂಡು ಮುದ್ರಿಸಿ, ಮೇಲೆ ದಿನಾಂಕ ಬರೆದಿಡಿ. ಮತದಾನ ಮುಗಿದ ಮೇಲೆ ಅದು ಅಲ್ಲೇ ಇರುತ್ತದೆ ಎಂಬ ಭರವಸೆ ಬೇಡ. ಜೊತೆಗೊಂದು ನೋಟ್‌ಬುಕ್ ಇರಲಿ. ಮೊದಲ ಪುಟದಿಂದ ಓದಬೇಕಾಗಿಲ್ಲ. ನಿಮ್ಮ ಬೆಳೆ, ನಿಮ್ಮ ಮಗ್ಗ, ನಿಮ್ಮ ಮಗಳ ಕಾಲೇಜು ಎಲ್ಲಿದೆಯೋ ಅಲ್ಲಿಂದ ಶುರುಮಾಡಿ.

ಮೊದಲ ಓದಿನಲ್ಲಿ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ, ಬೇರೆ ಏನೂ ಮಾಡಬೇಡಿ. ‘ಒತ್ತು ನೀಡುತ್ತೇವೆ’, ‘ಬದ್ಧರಾಗಿದ್ದೇವೆ’, ‘ಸೂಕ್ತ ಕ್ರಮ ಕೈಗೊಳ್ಳುತ್ತೇವೆ’, ‘ಕೇಂದ್ರವನ್ನು ಒತ್ತಾಯಿಸುತ್ತೇವೆ’ ಎಂದಿದ್ದರೆ ಅಲ್ಲಿ ಮಂಜೂರಾತಿಯೇ ಇಲ್ಲ. ‘ಕೊಡುತ್ತೇವೆ’, ‘ರದ್ದು ಮಾಡುತ್ತೇವೆ’, ‘ಕಾಯ್ದೆ ತರುತ್ತೇವೆ’ ಎಂದಿದ್ದರೆ ಮಾತ್ರ ನೋಟ್‌ಬುಕ್ಕಿಗೆ ಇಳಿಸಿ. ಮೂವತ್ತು ಪುಟದ ಪುಸ್ತಕ ಎರಡು ಪುಟಕ್ಕೆ ಇಳಿಯುತ್ತದೆ.

ಇನ್ನು ಆ ಎರಡು ಪುಟದ ಪ್ರತಿ ಸಾಲಿನ ಎದುರು ಬರೆಯಬೇಕಾದದ್ದು: ಇದು ಯಾರ ಕೈಯಲ್ಲಿದೆ? ಜನ ಬಹಳ ಮೋಸ ಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೃಷಿ, ಜಮೀನು, ಪೊಲೀಸ್, ಸಾರ್ವಜನಿಕ ಆರೋಗ್ಯ, ಪಂಚಾಯತಿ ಮತ್ತು ನಗರಸಭೆ ರಾಜ್ಯದ ಪಟ್ಟಿಯಲ್ಲಿವೆ. ರೈಲು, ಬ್ಯಾಂಕು, ವಿದೇಶಿ ವ್ಯಾಪಾರ ಕೇಂದ್ರದ್ದು. ಶಿಕ್ಷಣ ಮತ್ತು ಅರಣ್ಯ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿವೆ. ರಾಜ್ಯ ಮಟ್ಟದ ಪಕ್ಷವೊಂದು ನಮಗೆ ರೈಲು ಮಾರ್ಗ ತಂದುಕೊಡುವೆನೆಂದರೆ, ಜಮೀನು ಸ್ವಾಧೀನ ಮಾಡಿಕೊಡಬಹುದು, ವೆಚ್ಚದಲ್ಲಿ ಪಾಲು ಹಾಕಬಹುದು. ಹಳಿ ಹಾಕುವ ತೀರ್ಮಾನ ಅದರದ್ದಲ್ಲ.

ಉಳ್ಳಾಗಡ್ಡಿಯನ್ನೇ ನೋಡಿ. ನಮ್ಮ ಅಣ್ಣ ರೋಣ ತಾಲ್ಲೂಕಿನಲ್ಲಿ ಎರಿಹೊಲದ ರೈತ. ಅವನು ಬೆಳೆಯುವ ಹೆಸರು, ಕಡಲೆ, ಮೆಕ್ಕೆಜೋಳ ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿವೆ. ಉಳ್ಳಾಗಡ್ಡಿ ಮತ್ತು ಒಣಮೆಣಸಿನಕಾಯಿ ಇಲ್ಲ. ಆ ಪಟ್ಟಿ ರಾಜ್ಯದ ಕೈಯಲ್ಲಿಲ್ಲ. 2023ರ ಡಿಸೆಂಬರಿನಿಂದ 2024ರ ಮೇ ತಿಂಗಳವರೆಗೆ ಉಳ್ಳಾಗಡ್ಡಿ ರಫ್ತನ್ನು ನಿಷೇಧಿಸಿದ್ದೂ ಕೇಂದ್ರವೇ. ಹಾಗಾದರೆ ‘ಉಳ್ಳಾಗಡ್ಡಿಗೆ ನ್ಯಾಯಯುತ ಬೆಲೆ’ ಎಂದು ಬರೆದ ರಾಜ್ಯದ ಪಕ್ಷ ಸುಳ್ಳು ಹೇಳಿತೇ? ಹಾಗೆಂದು ತೀರ್ಮಾನಿಸಬೇಡಿ. ಬೆಲೆ ಬಿದ್ದಾಗ ತನ್ನ ಹಣದಿಂದ ಮಾರುಕಟ್ಟೆಗೆ ಇಳಿದು ಖರೀದಿಸುವುದು, ದಾಸ್ತಾನು ಶೆಡ್ಡಿಗೆ ಸಹಾಯಧನ ಕೊಡುವುದು, ಮಾರುಕಟ್ಟೆ ಪ್ರಾಂಗಣದಲ್ಲಿ ತೂಕ ಮತ್ತು ಹಣ ಪಾವತಿಯನ್ನು ಬಿಗಿಗೊಳಿಸುವುದು ರಾಜ್ಯಕ್ಕೆ ಸಾಧ್ಯ. ಇವುಗಳಲ್ಲಿ ಯಾವುದನ್ನು ಮಾಡುತ್ತಾರೆಂದು ಬರೆದಿದ್ದರೆ ಅದು ಪ್ರಸ್ತಾವ. ‘ನ್ಯಾಯಯುತ ಬೆಲೆ’ ಎಂಬಷ್ಟೇ ಇದ್ದರೆ ಆಕ್ಷೇಪಣೆ ಬರೆಯಿರಿ.

ಮಹದಾಯಿ ನದಿಯ ನೀರಿನ ಮಾತು ಇನ್ನೂ ಕಠಿಣ. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ನಾನು ಪಿಯುಸಿ ಓದುತ್ತಿದ್ದೆ. ಗೋಲಿಬಾರಿನ ಸುದ್ದಿ ಕೇಳಿ ನಮ್ಮ ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. 2015ರಲ್ಲಿ ಮತ್ತೆ ಅದೇ ನರಗುಂದದಲ್ಲಿ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ಧರಣಿ ಕುಳಿತರು. ಅಂದಿನಿಂದ ನಮ್ಮ ಭಾಗಕ್ಕೆ ಬಂದ ಪ್ರಣಾಳಿಕೆಗಳಲ್ಲಿ ಈ ಮಾತು ಇಲ್ಲದ್ದನ್ನು ನಾನು ಕಂಡಿಲ್ಲ. ಆದ್ದರಿಂದಲೇ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ನೋಡಬೇಕು. ನ್ಯಾಯಮಂಡಳಿಯ ತೀರ್ಪು 2018ರ ಆಗಸ್ಟ್ 14ರಂದು ಬಂತು; ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಕಳಸಾ ಮತ್ತು ಬಂಡೂರಿ ಸೇರಿ 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಕೇಂದ್ರದ ರಾಜ್ಯಪತ್ರದಲ್ಲಿ ಅಧಿಸೂಚನೆ ಬಂತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಯನ್ನು ಒಪ್ಪಿತು. ಉಳಿದದ್ದು ಅರಣ್ಯ ಮತ್ತು ವನ್ಯಜೀವಿಗೆ ಸಂಬಂಧಿಸಿದ ಒಪ್ಪಿಗೆ. ಅದನ್ನು ಕೊಡುವುದು ಬೆಂಗಳೂರಿನಲ್ಲಿ ಅಲ್ಲ. ‘ಅಧಿಕಾರಕ್ಕೆ ಬಂದ ಕೂಡಲೇ ಕಾಮಗಾರಿ ಪೂರ್ಣ’ ಎಂದು ಬರೆದ ಪಕ್ಷದ ಅಭ್ಯರ್ಥಿ ಮನೆಗೆ ಬಂದರೆ, ಕುಳ್ಳಿರಿಸಿ, ನೀರು ಕೊಟ್ಟು, ಈ ಒಂದು ಒಪ್ಪಿಗೆಯನ್ನು ಹೇಗೆ ತರುತ್ತೀರಿ ಎಂದು ಕೇಳಿ. ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳಿ.

ಅಧಿಕಾರದ ಪ್ರಶ್ನೆ ಅಕ್ಕಿಯಂಥ ಸರಳ ಸಂಗತಿಯಲ್ಲೂ ಬರುತ್ತದೆ. 2023ರಲ್ಲಿ ಗೆದ್ದ ಪಕ್ಷ ತಲೆಗೆ 10 ಕಿಲೋ ಅಕ್ಕಿಯ ಮಾತು ಕೊಟ್ಟಿತ್ತು. ಹೆಚ್ಚುವರಿ 5 ಕಿಲೋಗೆ ಹಣ ಸಿದ್ಧವಿತ್ತು, ಅಕ್ಕಿ ಇರಲಿಲ್ಲ. ಕೇಂದ್ರದ ದಾಸ್ತಾನಿನಿಂದ ರಾಜ್ಯಗಳಿಗೆ ಮಾರುವುದನ್ನು ಅದೇ ಜೂನಿನಲ್ಲಿ ನಿಲ್ಲಿಸಿದ್ದರು. ಅಕ್ಕಿಯ ಬದಲು ರಾಜ್ಯದವರು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿದರು. ಅಕ್ಕಿಯೇ ಕೈಗೆ ಬಂದದ್ದು 2025ರಲ್ಲಿ. ಆದ್ದರಿಂದ ಹಣ ಎಲ್ಲಿಂದ ಎಂದು ಕೇಳುವಾಗಲೇ ವಸ್ತು ಎಲ್ಲಿಂದ ಎಂದೂ ಕೇಳಿ.

ಮುಂದಿನ ಪ್ರಶ್ನೆ ಯಾರಿಗೆ ಎಂಬುದು. ಪ್ರಣಾಳಿಕೆಯಲ್ಲಿ ‘ಪ್ರತಿ ಮನೆಗೆ’ ಎಂದಿರುತ್ತದೆ, ಸರ್ಕಾರಿ ಆದೇಶದಲ್ಲಿ ‘ಈ ಕೆಳಗಿನ ಷರತ್ತುಗಳಿಗೆ ಒಳಪಟ್ಟು’ ಎಂದಿರುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂದು ನಾವೆಲ್ಲ ಕೇಳಿದೆವು. ಆದೇಶ ಬಂದಾಗ ಅದು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು, ಮೇಲ್ಮಿತಿ 200 ಎಂದಾಗಿತ್ತು. ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ ಸಿಕ್ಕಿದ್ದು 66. ಗೃಹಿಣಿಯರಿಗೆ ತಿಂಗಳ ಹಣ ಕೊಡುವ ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ ಕಟ್ಟುವ ಮನೆಗಳು ಹೊರಗೆ. ನಿರುದ್ಯೋಗಿ ಪದವೀಧರರಿಗೆ ಭತ್ಯೆ ಕೊಡುವ ಯುವನಿಧಿ 2022-23ರಲ್ಲಿ ತೇರ್ಗಡೆಯಾದವರಿಂದ ಶುರುವಾಯಿತು. ಹಿಂದಿನ ವರ್ಷ ಪದವಿ ಮುಗಿಸಿದ್ದ ನಮ್ಮ ಪಕ್ಕದ ಮನೆಯ ಹುಡುಗಿ ಅರ್ಜಿ ಹಾಕಲು ಹೋಗಿ ಸುಮ್ಮನೆ ತಿರುಗಿ ಬಂದಳು. ಷರತ್ತು ಇರುವುದು ತಪ್ಪಲ್ಲ, ಷರತ್ತಿಲ್ಲದ ಆದೇಶವನ್ನು ಖಜಾನೆಯಲ್ಲಿ ನಾವೇ ಒಪ್ಪುತ್ತಿರಲಿಲ್ಲ. ಆದರೆ ಮತ ಕೇಳುವಾಗಲೇ ಷರತ್ತನ್ನು ಹೇಳುವುದು ಮರ್ಯಾದೆ. ಶಕ್ತಿ ಯೋಜನೆ ಬೇಗ ಜಾರಿಯಾದದ್ದಕ್ಕೆ ಕಾರಣವೂ ಇಲ್ಲೇ ಇದೆ. ಬಸ್ಸು ರಾಜ್ಯದ್ದು, ನಿಗಮ ರಾಜ್ಯದ್ದು, ಷರತ್ತು ಸರಳ. ಫಲಿತಾಂಶ ಬಂದ ತಿಂಗಳೊಪ್ಪತ್ತಿನಲ್ಲಿ, 2023ರ ಜೂನ್ 11ರಂದು, ಹೆಣ್ಣುಮಕ್ಕಳು ಟಿಕೆಟ್ ಹಣ ಕೊಡದೆ ಹುಬ್ಬಳ್ಳಿಗೆ ಹೋಗಿ ಬಂದರು.

ಲೆಕ್ಕ ಹಾಕಲು ಹೆದರಬೇಡಿ. ಗೃಹಲಕ್ಷ್ಮಿಯ ಹಣ ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಸುಮಾರು 1 ಕೋಟಿ 20 ಲಕ್ಷ ಗೃಹಿಣಿಯರಿಗೆ ಎಂದರೆ 28,800 ಕೋಟಿ. ಸರ್ಕಾರ ಬಜೆಟ್ಟಿನಲ್ಲಿ ಇಟ್ಟದ್ದೂ 28 ಸಾವಿರ ಕೋಟಿಗಿಂತ ಹೆಚ್ಚು. ನೋಡಿ, ಅಡುಗೆಮನೆಯಲ್ಲಿ ಕುಳಿತು ಮಾಡಿದ ಲೆಕ್ಕ ಎಷ್ಟು ಹತ್ತಿರ ಬಂತು. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4 ಲಕ್ಷ 9 ಸಾವಿರ ಕೋಟಿ. ಮೇಲೆ ಹೇಳಿದ ಈ ಐದು ಗ್ಯಾರಂಟಿ ಯೋಜನೆಗಳಿಗೆ 51 ಸಾವಿರ ಕೋಟಿ. ಹೊಸದಾಗಿ ಯಾವ ಪಕ್ಷ ಏನು ಹೇಳಿದರೂ ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ರಾಜ್ಯ ಎಷ್ಟು ಬೇಕಾದರೂ ಸಾಲ ಮಾಡುವಂತಿಲ್ಲ; ವಿತ್ತೀಯ ಕೊರತೆ, ಅಂದರೆ ವರಮಾನ ಮೀರಿ ಸಾಲದಿಂದ ತುಂಬಿಸುವ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇಕಡ 3ರ ಒಳಗಿರಬೇಕು ಎಂಬ ಹೊಣೆಗಾರಿಕೆಯ ಕಾಯ್ದೆಯನ್ನು ಕರ್ನಾಟಕ 2002ರಲ್ಲೇ ಮಾಡಿಕೊಂಡಿದೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಚುನಾವಣಾ ಆಯೋಗವೂ ಮಾದರಿ ನೀತಿ ಸಂಹಿತೆಯಲ್ಲಿ, ಭರವಸೆಗೆ ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ಹೇಳಬೇಕು ಎಂದು ಸೇರಿಸಿದೆ. ಆ ಪುಟ ಇಲ್ಲದಿದ್ದರೆ ಪಕ್ಷದ ಕಚೇರಿಗೆ ಹೋಗಿ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಲೆಕ್ಕ ಸ್ಥಾನಗಳದ್ದು. 2018ರಲ್ಲಿ ಜನತಾ ದಳ ಜಾತ್ಯತೀತ, ರಾಜ್ಯದ್ದೇ ಎನ್ನಬಹುದಾದ ಪಕ್ಷ, ರೈತರ ಸಾಲವೆಲ್ಲ ಮನ್ನಾ ಎಂದಿತ್ತು. 224ರಲ್ಲಿ 37 ಸ್ಥಾನ ಬಂತು, ಸಮ್ಮಿಶ್ರ ಸರ್ಕಾರವಾಯಿತು. ಜುಲೈ 5ರ ಬಜೆಟ್ಟಿನಲ್ಲಿ 34 ಸಾವಿರ ಕೋಟಿ ಘೋಷಿಸಿದರು: 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಸಾಲ (ಕಂತು ಕಟ್ಟದೆ ಬಾಕಿ ಉಳಿದದ್ದು), ಮೇಲ್ಮಿತಿ 2 ಲಕ್ಷ, ಸರಿಯಾಗಿ ಕಟ್ಟಿದವರಿಗೆ 25 ಸಾವಿರದವರೆಗೆ. ಒತ್ತಾಯ ಹೆಚ್ಚಿದ ಮೇಲೆ ಸಹಕಾರಿ ಸಂಘಗಳ ಚಾಲ್ತಿ ಸಾಲದಲ್ಲೂ 1 ಲಕ್ಷದವರೆಗೆ ಸೇರಿಸಿದರು. ಮನೆಯ ಕಾಳು ಮಾರಿ ಕಂತು ಕಟ್ಟಿದ್ದ ನಮ್ಮ ಅಣ್ಣ ‘ಸುಸ್ತಿ’ ಎಂಬ ಒಂದು ಶಬ್ದವನ್ನು ಪತ್ರಿಕೆಯಲ್ಲಿ ಮೂರು ಸಲ ಓದಿದ. ನನಗೆ ಅವನ ಮುಖ ಈಗಲೂ ನೆನಪಿದೆ. ಒಂಟಿಯಾಗಿ ಬಹುಮತ ಬರುವುದು ಕಷ್ಟವಿರುವ ಪಕ್ಷವಾದರೆ, ಪಾಲುದಾರಿಕೆಯಲ್ಲೂ ಬಿಟ್ಟುಕೊಡದ ಎರಡು ಮಾತು ಯಾವುವು ಎಂದು ಮೊದಲೇ ಕೇಳಿಡಿ.

ಹಣವೇ ಬೇಡದ, ಕಾಯ್ದೆ ಮಾತ್ರ ಬೇಕಾದ ಪ್ರಸ್ತಾವಗಳನ್ನು ಜನ ಹಾರಿಸಿ ಓದುತ್ತಾರೆ. ಹಾಗೆ ಮಾಡಬೇಡಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂದಾಗ, ಅಬ್ದುಲ್ ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಯ ಮಸೂದೆ ತಂದರು. ರಾಷ್ಟ್ರಪತಿಗಳ ಅಂಕಿತ ಬರಲು 1985, ಚುನಾವಣೆ ನಡೆಯಲು 1987. ಹೆಣ್ಣುಮಕ್ಕಳಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಾಯಿತು. ತಡವಾದರೂ ಹಳ್ಳಿಯ ಹಣದ ತೀರ್ಮಾನ ಹಳ್ಳಿಗೆ ಬಂತು. ಅದೇ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳು ವರ್ಷಗಟ್ಟಲೆ ಸದಸ್ಯರಿಲ್ಲದೆ ಉಳಿದವು. ಯಾವ ಪಕ್ಷದ ಪ್ರಣಾಳಿಕೆ ಕೈಗೆ ಬಂದರೂ ನಾನು ಮೊದಲು ಹುಡುಕುವ ಸಾಲು ಇದು: ಅವಧಿ ಮುಗಿದ ಎಷ್ಟು ದಿನದೊಳಗೆ ಪಂಚಾಯತಿ ಚುನಾವಣೆ ಮಾಡುತ್ತೀರಿ?

ಓದುವುದು ಅರ್ಧ ಕೆಲಸ. ಚುನಾವಣೆಗೆ ಕೆಲವು ತಿಂಗಳ ಮುಂಚೆ ಪಕ್ಷಗಳ ಪ್ರಣಾಳಿಕೆ ಸಮಿತಿಗಳು ಜಿಲ್ಲೆಗೆ ಬಂದು ಸಲಹೆ ಕೇಳುತ್ತವೆ, ಆಗ ನಾವೇ ಬರೆದು ಕೊಡಬೇಕು. ಅಣ್ಣನ ಊರಿನವರು ಒಮ್ಮೆ ‘ಉಳ್ಳಾಗಡ್ಡಿ ಬೆಳೆಗಾರರ ಹಿತ ಕಾಯಬೇಕು’ ಎಂದು ಮನವಿ ಕೊಟ್ಟಿದ್ದರು. ಪ್ರಣಾಳಿಕೆಯಲ್ಲಿ ಬಂದದ್ದೂ ಅಷ್ಟೇ, ‘ಹಿತ ಕಾಯುತ್ತೇವೆ’. ಮುಂದಿನ ಸಲ ನಾನು ಕುಳಿತು ಬರೆಸಿದೆ. ಒಂದೇ ಹಾಳೆ. ಮೊದಲ ಸಾಲಿನಲ್ಲಿ ತೊಂದರೆ: ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಗಡ್ಡೆ ಕೊಳೆಯುತ್ತದೆ, ಇಡಲು ಜಾಗವಿಲ್ಲ, ಬಂದ ಬೆಲೆಗೆ ಮಾರಬೇಕಾಗುತ್ತದೆ. ಎರಡನೆಯದರಲ್ಲಿ ಬೇಕಾದದ್ದು: ಗಾಳಿಯಾಡುವ 25 ಟನ್ನಿನ ದಾಸ್ತಾನು ಶೆಡ್ಡಿಗೆ ಸಹಾಯಧನ. ಮೂರನೆಯದರಲ್ಲಿ ಯಾರಿಗೆ: 5 ಎಕರೆಯೊಳಗಿನ ಬೆಳೆಗಾರರಿಗೆ, ಬೆಳೆ ಸಮೀಕ್ಷೆಯಲ್ಲಿ ಉಳ್ಳಾಗಡ್ಡಿ ನಮೂದಾಗಿದ್ದರೆ. ಆಮೇಲೆ ನಮ್ಮ ಊರಿನಲ್ಲಿ ಎಷ್ಟು ಮನೆ ಎಂಬ ಎಣಿಕೆ, ಮನೆ ಮನೆಗೆ ಹೋಗಿ ಮಾಡಿದ್ದು. ಕೊನೆಗೆ ಇಲಾಖೆ ಯಾವುದು, ಆದೇಶ ಯಾರು ಮಾಡಬೇಕು. ಭಾಷಣ ಇಲ್ಲ, ಹೊಗಳಿಕೆ ಇಲ್ಲ. ಇದೇ ಹಾಳೆಯ ಪ್ರತಿಯನ್ನು ಎಲ್ಲ ಪಕ್ಷಗಳಿಗೂ ಕೊಟ್ಟು ಸ್ವೀಕೃತಿ ಸಹಿ ಪಡೆದೆವು. ಎರಡು ಕಡೆಯವರು ಶೆಡ್ಡು ಎಂಬ ಪದವನ್ನೇ ಬಳಸಿದರು.

ಸರ್ಕಾರ ಬಂದ ಮೇಲಿನ ಕೆಲಸ ನನಗೆ ಬಹಳ ಪ್ರಿಯವಾದದ್ದು. ಬಜೆಟ್ ಮಂಡನೆಯಾದ ದಿನ ಭಾಷಣ ಕೇಳಿ ಬಿಡಬೇಡಿ. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಇಲಾಖಾವಾರು ಅಂದಾಜು ಸಂಪುಟಗಳು ಇರುತ್ತವೆ. ಅಲ್ಲಿ ನಿಮ್ಮ ಯೋಜನೆಯ ಲೆಕ್ಕ ಶೀರ್ಷಿಕೆ ಹುಡುಕಿ. ಮೊದಲ ನಾಲ್ಕು ಅಂಕಿಯ ಸಂಖ್ಯೆ 2 ಅಥವಾ 3ರಿಂದ ಶುರುವಾದರೆ ಸಂಬಳ, ಸಹಾಯಧನದಂಥ ರಾಜಸ್ವ ವೆಚ್ಚ. 4 ಅಥವಾ 5 ಇದ್ದರೆ ಕಟ್ಟಡ, ಕಾಲುವೆಯಂಥ ಬಂಡವಾಳ ವೆಚ್ಚ. ನಮ್ಮ ಬೆಟಗೇರಿಯ ಮಗ್ಗದವರು 2851 ಎಂಬುದನ್ನು ನೆನಪಿಡಬೇಕು, ಗ್ರಾಮೀಣ ಮತ್ತು ಸಣ್ಣ ಕೈಗಾರಿಕೆಗಳು ಅದರಡಿ ಬರುತ್ತವೆ. ಕಾಲುವೆ ಕಟ್ಟುತ್ತೇವೆ ಎಂದ ಮಾತಿಗೆ ಬಂಡವಾಳದ ಶೀರ್ಷಿಕೆಯಲ್ಲಿ ಹಣವೇ ಇಲ್ಲದಿದ್ದರೆ ಆ ವರ್ಷ ಕಾಲುವೆ ಇಲ್ಲ ಎಂದು ತಿಳಿಯಿರಿ. ಒಂದು ಲಕ್ಷ ರೂಪಾಯಿಯಂಥ ಪುಡಿ ಮೊತ್ತ ಇಟ್ಟಿದ್ದರೆ ಬಾಗಿಲು ಮಾತ್ರ ತೆರೆದಿಟ್ಟಿದ್ದಾರೆ, ಒಳಗೆ ಏನೂ ಇಟ್ಟಿಲ್ಲ ಎಂದರ್ಥ.

ಡಿಸೆಂಬರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಮೂರೇ ಪ್ರಶ್ನೆ ಸಾಕು: ಈ ಶೀರ್ಷಿಕೆಯಲ್ಲಿ ನಮ್ಮ ಜಿಲ್ಲೆಗೆ ನಿಗದಿಯಾದದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು. ‘ಏಕೆ’ ಎಂದು ಕೇಳಬೇಡಿ, ದಾಖಲೆಯಲ್ಲಿ ಇರುವುದನ್ನು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ.

ಅಣ್ಣನ ಊರಿನ ಅರ್ಜಿಯನ್ನು ಈ ಸಲ ಅವನ ಸೊಸೆಯೇ ಬರೆದಿದ್ದಾಳೆ. ನೂರ ಹನ್ನೆರಡು ಪದ. ನಾನು ಓದಿ ನೋಡಿ, ‘ದಯವಿಟ್ಟು’ ಎಂಬ ಒಂದು ಪದವನ್ನು ಮಾತ್ರ ತೆಗೆಸಿದೆ.