ಗೀಸರ್ ರಿಪೇರಿಯೋ, ಹೊಸಾದೋ? ಮೊದಲ ಎಲ್ಲಿ ಸೋರ್ತದ ನೋಡ್ರಿ

ನಾ ಕಲಬುರ್ಗ್ಯಾಗ ಗೀಸರ್ ರಿಪೇರಿ ಮಾಡಾವ. ಥಂಡಿ ಶುರುವಾತಂದ್ರ ಎಲ್ಲರೂ ಇದನ್ನೇ ಕೇಳ್ತಾರ: "ಅಣ್ಣಾ, ಹತ್ತು ವರ್ಷದ ಹಳೇದು, ಹೊಸಾದು ತರಲೇನು?" ವರ್ಷ ಎಣಿಸಬ್ಯಾಡ್ರಿ. ಒಳಗಿನ ಟ್ಯಾಂಕ್ ಛಲೋ ಇದ್ರ ಉಳಿದ ಸಾಮಾನೆಲ್ಲಾ ಬದಲಿ ಮಾಡಬಹುದು. ಟ್ಯಾಂಕ್ ತೂತು ಬಿದ್ರ ಹೊಸಾದೇ ತರಬೇಕು.

ಮೊದಲ ಬೋರ್ಡಿನಾಗ ಗೀಸರಿನ ಲೈನ್ ಬಂದ್ ಮಾಡೋ ಎಂಸಿಬಿ ಕೆಳಗ ಮಾಡ್ರಿ, ಬರೇ ಗೀಸರಿನ ಸ್ವಿಚ್ ಬಂದ್ ಮಾಡಿದ್ರ ಸಾಲೂದಿಲ್ಲ. ನೀರು ತಣ್ಣಗಾದ ಮ್ಯಾಲ ತಳದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಒಣ ಅರಿವಿಲೆ ಒರಸಿ, ಟಾರ್ಚ್ ಹಿಡಿದು ಕಾಯ್ರಿ. ಪೈಪ್ ಕೂಡೋ ಕಡಿ ಹನಿ ಬಂದ್ರ ಟೇಪ್ ಸುತ್ತಿ ಬಿಗಿ ಮಾಡಿದ್ರ ಆತು. ನೀರು ಕಾಸೋ ಎಲಿಮೆಂಟ್ ಕೂಡಿಸಿದ ಪ್ಲೇಟಿನ ಸುತ್ತ ಬಂದ್ರ ಅಲ್ಲಿನ ರಬ್ಬರ್ ಗ್ಯಾಸ್ಕೆಟ್ ಹೋಗ್ಯದ. ಬ್ರಹ್ಮಪುರದಾಗ ಒಬ್ಬ ಅಕ್ಕಾರಿಗಿ ಯಾರೋ ಹೊಸಾದು ತಗೋರಿ ಅಂದಿದ್ರು. ಬಿಚ್ಚಿ ನೋಡಿದ್ರ ಇದೇ ಗ್ಯಾಸ್ಕೆಟ್, ಅಷ್ಟೇ.

ನೀರು ಬಿಸಿಯಾಗುವಾಗ ಸೇಫ್ಟಿ ವಾಲ್ವಿನಿಂದ ನಾಕು ಹನಿ ಬಿದ್ರ ಹೆದರಬ್ಯಾಡ್ರಿ. ನೀರು ಕಾದು ಹಿಗ್ತದ, ಹೆಚ್ಚಿನ ಒತ್ತಡ ಅಲ್ಲಿಂದ ಹೊರಗ ಹೋಗ್ತದ. ಅದರ ಬಾಯಿ ಮಾತ್ರ ಎಂದೂ ಮುಚ್ಚಬ್ಯಾಡ್ರಿ, ಟ್ಯಾಂಕ್ ಸಿಡೀಬಹುದು.

ಇದ್ಯಾವುದೂ ಅಲ್ದ, ಒಳಗಿನ ಫೋಮ್ ತೊಯ್ದು ಕೆಂಪು ನೀರು ಇಳೀಲಿಕತ್ತಿದ್ರ ಟ್ಯಾಂಕೇ ಹೋಗ್ಯದ. ವೆಲ್ಡಿಂಗ್ ಮಾಡಸಬ್ಯಾಡ್ರಿ, ಆ ಕಾವಿಗಿ ಒಳಗಿನ ಲೇಪ ಸುಟ್ಟು ಬಾಜೂಕ ಮತ್ತ ತುಕ್ಕು ಹಿಡೀತದ.

ನಮ್ಮ ಕಡಿ ಗೀಸರ್ ಕೆಡಸೋದು ಸುಣ್ಣ. ಶಹಾಬಾದ್, ಸೇಡಂ ಕಡಿ ನೆಲಾನೇ ಸುಣ್ಣದಕಲ್ಲು, ಬೋರಿನ ನೀರಾಗ ಅದೇ ಕರಗಿ ಬರ್ತದ. ಕಾದಾಗ ಎಲಿಮೆಂಟಿನ ಮ್ಯಾಲ ಬೆಳ್ಳಗ ಕಟ್ತದ, ಬಿಸಿ ನೀರಿಗಿ ಸರಿಯಾಗಿ ಹೋಗಲಾರದ ಎಲಿಮೆಂಟ್ ಸುಡ್ತದ. ಕಾಯುವಾಗ ಗುಳುಗುಳು ಸಪ್ಪಳ ಬಂದ್ರ ಬಿಚ್ಚಿ ಸ್ವಚ್ಛ ಮಾಡಸ್ರಿ. ಆಗ ಮೆಗ್ನೀಸಿಯಂ ರಾಡ್ ತೋರಸಂತ ಕೇಳ್ರಿ. ಟ್ಯಾಂಕಿನ ಬದಲಿ ತಾನು ಸವೀಲಿ ಅಂತನೇ ಅದನ್ನ ಇಟ್ಟಿರ್ತಾರ. ನಡುವಿನ ತಂತಿ ಅಷ್ಟೇ ಉಳಿದಿದ್ರ ತಡ ಮಾಡದ ಹೊಸ ರಾಡ್ ಹಾಕಸ್ರಿ. ಇದನ್ನ ಯಾರೂ ನೋಡೂದಿಲ್ಲ, ನನಗ ಭಾಳ ಸಂಕಟ ಆಗ್ತದ. ಸಣ್ಣ ರಾಡಿನ ಸಲುವಾಗಿ ಛಲೋ ಟ್ಯಾಂಕ್ ಹಾಳಾಗ್ತಾವ.

15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕ ಕಾಯ್ಲಿಕ್ಕ 2 ಕಿಲೋವ್ಯಾಟ್ ಎಲಿಮೆಂಟಿಗಿ ಸುಮಾರು 20 ನಿಮಿಷ ಬೇಕು. ಐದಾರು ನಿಮಿಷಕ್ಕೇ ದೀಪ ಆರಿ ನೀರು ಉಗುರುಬೆಚ್ಚಗ ಇದ್ರ ಬಿಸಿ ನೋಡಿ ಕರೆಂಟ್ ಬಂದ್ ಮಾಡೋ ಥರ್ಮೋಸ್ಟಾಟ್ ನೋಡಸ್ರಿ. ಹಚ್ಚಿದ ಕೂಡಲೇ, ಕರೆಂಟ್ ಸೋರಿದ್ರ ತಾನೇ ಬಂದ್ ಮಾಡೋ ಇಎಲ್‌ಸಿಬಿ ಬಿದ್ರ ಹೆಚ್ಚಾಗಿ ಎಲಿಮೆಂಟ್ ಸೀಳಿರ್ತದ. ಇಎಲ್‌ಸಿಬಿ ತಗದು ನಡಸ್ತೀನಿ ಅನ್ನಾವನ್ನ ಮನಿಯೊಳಗ ಬಿಡಬ್ಯಾಡ್ರಿ, ಜೀವದ ಪ್ರಶ್ನಿ ಅದು.

ಬಿಸಿ ನಳದಾಗ ಅಷ್ಟೇ ಕೆಂಪು ನೀರು ಬಂದು, ಎಲಿಮೆಂಟೂ ಹೋಗಿದ್ರ ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಹೊಸಾದು ತರುವಾಗ ಐಎಸ್‌ಐ ಗುರ್ತು, ಕರೆಂಟ್ ಎಷ್ಟು ಉಳಸ್ತದ ಅಂತ ತೋರಸೋ ಬಿಇಇ ಸ್ಟಾರ್ ನೋಡಿ, ಗಡಸು ನೀರಿಗಿ ನಡೀತದೇನು ಅಂತ ಕೇಳಿ ತಗೋರಿ.

ರಿಪೇರಿ ಆಗಲಿ, ಹೊಸಾದಾಗಲಿ, ಕರೆಂಟ್ ಕೊಡೂಕಿಂತ ಮೊದಲ ಬಿಸಿ ನಳ ಬಿಡ್ರಿ. ಗಾಳಿ ಹೋಗಿ ನೀರು ತುಂಬಿ ಧಾರಿ ಬಂದ ಮ್ಯಾಲೇ ಸ್ವಿಚ್ ಹಾಕ್ರಿ. ಖಾಲಿ ಟ್ಯಾಂಕಿನಾಗ ಹಚ್ಚಿದ್ರ ಹೊಸ ಎಲಿಮೆಂಟೂ ಅವತ್ತೇ ಸುಡ್ತದ.