ನಡುವೆ ಬಿಟ್ಟ ಪುಸ್ತಕ ಯಾವುದು?

"ಒಳ್ಳೆ ಕನ್ನಡ ಪುಸ್ತಕ ಒಂದು ಹೇಳಿ" ಅಂತ ಕೇಳಿದವರಿಗೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಈಚೆಗೆ ಪೂರ್ತಿ ಓದಿ ಮುಗಿಸಿದ್ದು ಯಾವುದು? ನಡುವೆ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟಿರಿ? ಎರಡನೆಯದರ ಉತ್ತರವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೆಚ್ಚಿದ ಪುಸ್ತಕಕ್ಕೆ "ತುಂಬಾ ಚೆನ್ನಾಗಿದೆ" ಎಂದು ಸುಮ್ಮನಾಗುವವರೂ ಬಿಟ್ಟ ಪುಸ್ತಕಕ್ಕೆ ಮಾತ್ರ ಕಾರಣ ಕೊಡುತ್ತಾರೆ.

ನಾನು ಹೆಚ್ಚು ಸಲ ಕೇಳಿರುವ ಕಾರಣ ಪಾತ್ರಗಳ ಗೊಂದಲ. ಅದಕ್ಕೆ ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' (1967) ಒಳ್ಳೆಯ ಉದಾಹರಣೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟಾಗ ಓದುಗರೂ ಖುಷಿಯಿಂದಲೇ ಹೊರಡುತ್ತಾರೆ. ಮನೆ ಮೇಲೆ ಮನೆ, ಹೆಗ್ಗಡೆ ಮೇಲೆ ಗೌಡ ಬರತೊಡಗಿದ ಮೇಲೆ ದಾರಿ ತಪ್ಪುತ್ತದೆ. ಜನರ ಹೆಸರು ನೆನಪಿಡಲು ಹೊರಡುವುದೇ ಇಲ್ಲಿನ ತೊಂದರೆ. ಮನೆಗಳ ಹೆಸರು ಹಿಡಿದರೆ ಸಾಕು. ಒಂದು ಚೀಟಿಯಲ್ಲಿ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಬರೆದುಕೊಂಡು, ಹೊಸಬರು ಬಂದ ಹಾಗೆ ಅವರವರ ಮನೆಯ ಕೆಳಗೆ ಸೇರಿಸುತ್ತಾ ಹೋಗಿ ಎನ್ನುತ್ತೇನೆ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ, ಈ ಮೂರು ಜೋಡಿಗಳಿಗೆ ಮಾತ್ರ ಅಡಿಗೆರೆ. ಆಮೇಲೆ ಆ ಚೀಟಿಯೇ ಬುಕ್‌ಮಾರ್ಕ್. ಅರ್ಧ ದಾಟಿದ ಮೇಲೆ ಅದನ್ನು ತಿರುಗಿ ನೋಡುವವರು ಕಡಿಮೆ. ಆದರೂ ಕನ್ನಡದಲ್ಲಿ ಮೊದಲ ಕಾದಂಬರಿ ಓದುವವರಿಗೆ ನಾನು ಇದನ್ನು ಕೊಡುವುದಿಲ್ಲ, ಎಷ್ಟೇ ಪ್ರೀತಿಯದಾದರೂ.

ಭಾಷೆ ತೊಡಕಾಯಿತು ಎಂದವರಿಗೆ, ಯಾವ ಸೀಮೆಯವರು ಎಂದು ಮೊದಲು ವಿಚಾರಿಸಬೇಕು. ಧಾರವಾಡದ ಕಡೆಯವರಿಗೆ ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ'ಯ ಮಾತು ಮನೆಯ ಮಾತೇ. ಕುಂದಾಪುರದವರು ವೈದೇಹಿಯವರ ಕಥೆಗಳಲ್ಲಿ ಎಲ್ಲೂ ತಡವರಿಸುವುದಿಲ್ಲ. ಅದೇ ಪುಸ್ತಕಗಳನ್ನು ಅದಲುಬದಲು ಮಾಡಿ ಕೊಟ್ಟು ನೋಡಿ, ಇಬ್ಬರೂ ಸಂಭಾಷಣೆ ಬಂದಾಗಲೆಲ್ಲ ಎಡವುತ್ತಾರೆ. ದೇವನೂರ ಮಹಾದೇವರ 'ಕುಸುಮಬಾಲೆ' ಪುಟಗಳ ಲೆಕ್ಕದಲ್ಲಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಶಿಫಾರಸು ಆಗುವ ಪುಸ್ತಕ, ಮತ್ತು ಬಹಳ ಮಂದಿ ಬೇಗ ಮುಚ್ಚಿಡುವ ಪುಸ್ತಕ. ಅದನ್ನು ಕಣ್ಣಲ್ಲಿ ಓದಿದರೆ ಆಗುವುದಿಲ್ಲ, ಬಾಯಿಬಿಟ್ಟು ಓದಬೇಕು. ಅಕ್ಷರದಲ್ಲಿ ಗುರುತು ಸಿಗದ ಶಬ್ದ ಕಿವಿಗೆ ಬಿದ್ದಾಗ ತಟ್ಟನೆ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕೈದು ಪುಟಕ್ಕಿಂತ ಹೆಚ್ಚು ಬೇಡ ಎಂದೂ ಹೇಳುತ್ತೇನೆ.

ಕಥೆ ಮುಂದಕ್ಕೇ ಹೋಗುತ್ತಿಲ್ಲ ಎಂದು ಬಿಟ್ಟವರಿಗೆ ಪೂರ್ಣಚಂದ್ರ ತೇಜಸ್ವಿ. ಇದು ಎಲ್ಲರಿಗೂ ಗೊತ್ತಿರುವ ಮದ್ದು. 'ಕರ್ವಾಲೊ' (1980) ಅಥವಾ 'ಜುಗಾರಿ ಕ್ರಾಸ್' (1994). ಕನ್ನಡ ಓದಿ ಬಹಳ ವರ್ಷವಾಗಿದೆ, ಅಕ್ಷರ ಕೂಡಿಸುವುದೇ ನಿಧಾನ ಎನ್ನುವವರಿಗೆ ಮಾತ್ರ ಕಾದಂಬರಿಗಿಂತ 'ಪರಿಸರದ ಕತೆ' ವಾಸಿ. ಬಿಡಿಬಿಡಿ ಬರಹಗಳು, ಯಾವುದರಿಂದ ಬೇಕಾದರೂ ಶುರು ಮಾಡಬಹುದು.

ಇಂಗ್ಲಿಷ್ ಕಾದಂಬರಿಗಳನ್ನೇ ಓದಿ ಅಭ್ಯಾಸವಾದವರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಹೊಂದುತ್ತದೆ. ಒಂದು ಮಾತು ಮಾತ್ರ ಮೊದಲೇ ಹೇಳಿಟ್ಟಿರಬೇಕು: ಕೊನೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಪುಸ್ತಕ ಅದಲ್ಲ. ಇದನ್ನು ಹೇಳದೆ ಕೊಟ್ಟರೆ "ಆಮೇಲೇನಾಯ್ತು, ನನ್ನ ಪ್ರತಿಯಲ್ಲಿ ಪುಟ ಬಿಟ್ಟುಹೋಗಿದೆಯಾ?" ಎಂಬ ಫೋನು ಬರುತ್ತದೆ.

ಒಬ್ಬ ಲೇಖಕರನ್ನು ಮೆಚ್ಚಿದವರಿಗೆ ಅದೇ ಲೇಖಕರ ಇನ್ನೊಂದನ್ನು ಕಣ್ಣುಮುಚ್ಚಿ ಹೇಳುವುದು ಸುಲಭ, ಕೆಡುವುದೂ ಅಲ್ಲೇ. ಎಸ್.ಎಲ್. ಭೈರಪ್ಪನವರ 'ಪರ್ವ' (1979) ಮುಗಿಸಿದವರಲ್ಲಿ ಎರಡು ಬಗೆಯವರಿರುತ್ತಾರೆ. ಮಹಾಭಾರತದ ಆಸೆಗೆ ಓದಿದವರು ಅವರದೇ 'ಗೃಹಭಂಗ'ಕ್ಕೆ (1970) ಬಂದರೆ ಬೇಸರಪಡುತ್ತಾರೆ. ಕುಂತಿ, ದ್ರೌಪದಿಯರು ಒಳಗೊಳಗೇ ಯೋಚಿಸುವ ಭಾಗಗಳನ್ನು ಮೆಚ್ಚಿದವರಾದರೆ 'ಗೃಹಭಂಗ'ದ ನಂಜಮ್ಮನನ್ನು ಬಿಡುವುದೇ ಇಲ್ಲ. ಹಾಗಾಗಿ "ಯಾವ ಭಾಗ ಇಷ್ಟವಾಯಿತು" ಎಂದು ಕೇಳದೆ ಮುಂದಿನದನ್ನು ಹೇಳಬಾರದು.

ಹೇಳುವಾಗ ಒಂದೇ ಪುಸ್ತಕ ಹೇಳುತ್ತೇನೆ. ಹತ್ತು ಹೆಸರಿನ ಪಟ್ಟಿ ಕೊಟ್ಟರೆ ಅದನ್ನು ಫೋನಿನಲ್ಲಿ ಉಳಿಸಿಕೊಳ್ಳುತ್ತಾರೆ, ಓದುವುದಿಲ್ಲ. ಮೆಸೇಜಿನಲ್ಲಿ ಕಥೆಯ ಸಾರಾಂಶ ಬೇಡ. ಎಲ್ಲಿ ತೊಡಕು ಬರುತ್ತದೆ, ಎಲ್ಲಿಯ ತನಕ ತಾಳಬೇಕು, ಅಲ್ಲಿಗೂ ಹಿಡಿಸದಿದ್ದರೆ ಬಿಡಬಹುದು, ಇಷ್ಟಿದ್ದರೆ ಆಯಿತು. ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುವುದರಿಂದ ಅಧ್ಯಾಯವನ್ನೋ ಸನ್ನಿವೇಶವನ್ನೋ ಗುರುತಾಗಿ ಕೊಡಬೇಕು.

ಹೆಸರು ಕಳಿಸುವ ಮೊದಲು ಪ್ರತಿ ಸಿಗುತ್ತದೆಯೇ ಎಂದು ನೋಡಿಕೊಳ್ಳುವುದು ಕಡ್ಡಾಯ. ಕನ್ನಡದಲ್ಲಿ ಒಂದು ಮುದ್ರಣ ಮುಗಿದು ಮುಂದಿನದು ಬರುವಷ್ಟರಲ್ಲಿ ಕೇಳಿದವರ ಹುರುಪು ಆರಿಹೋಗಿರುತ್ತದೆ. ಅಂಗಡಿಗೆ ಫೋನು ಮಾಡುವಾಗ ಪುಸ್ತಕದ ಹೆಸರಿನ ಜೊತೆ ಪ್ರಕಾಶಕರ ಹೆಸರನ್ನೂ ಹೇಳಿದರೆ ಬೇಗ ಹುಡುಕಿಕೊಡುತ್ತಾರೆ. ಅಂಗಡಿಯಲ್ಲಿಲ್ಲದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯ, ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳು. ನನ್ನ ಸ್ವಂತ ಪ್ರತಿಯನ್ನಂತೂ ಕೊಡುವುದಿಲ್ಲ. ಪುಸ್ತಕ ಹೋಗುತ್ತದೆಂಬ ಹೆದರಿಕೆಗಲ್ಲ, ಎರವಲು ತಂದದ್ದನ್ನು ಓದದೆ ಇಟ್ಟುಕೊಂಡವರು ಮುಜುಗರಕ್ಕೆ ಎದುರು ಸಿಗುವುದನ್ನೇ ಬಿಡುತ್ತಾರೆ.

ಎರಡು ವಾರ ಬಿಟ್ಟು ವಿಚಾರಿಸುತ್ತೇನೆ, "ಹೇಗಿತ್ತು?" ಎಂದಲ್ಲ, "ಎಲ್ಲಿಗೆ ಬಂತು?" ಎಂದು. "ಇನ್ನೂ ಶುರು ಮಾಡಿಲ್ಲ" ಎಂದರೆ ಆ ಪುಸ್ತಕದ ಮಾತು ಅಲ್ಲಿಗೆ ಬಿಟ್ಟು ಇನ್ನೂ ಸಣ್ಣದೊಂದು ಕಥೆ ಹೇಳುತ್ತೇನೆ.